ನಲವತ್ತೆರಡನೆಯ ಹೆಸರು

ನಲವತ್ತೆರಡು ಮಕ್ಕಳು ಎದ್ದು ನಿಂತರು. ತಪ್ಪು ಅಂತ ಇದ್ದರೆ ಅಷ್ಟೇ. ಯಾರೂ ಯಾರಿಗೂ ಹೊಡೆದಿರಲಿಲ್ಲ, ಕದ್ದಿರಲಿಲ್ಲ, ಬೈದಿರಲಿಲ್ಲ. ಕ್ಲಾಸಿಗೆ ಹೊಸಬರೊಬ್ಬರು ಬಂದರು, ಮಕ್ಕಳು ಎದ್ದು ನಿಂತು ನಮಸ್ತೆ ಸಾರ್ ಅಂದರು. ಬಂದವನು ನಮ್ಮಪ್ಪ. ಎದ್ದು ನಿಂತವರಲ್ಲಿ ನಾನೂ ಒಬ್ಬಳು.

ನನ್ನ ಹೆಸರು ಅಕ್ಕಯಮ್ಮ. ಈಗ ದೊಡ್ಡಬಳ್ಳಾಪುರದ ಒಂದು ಮಗ್ಗದ ಶೆಡ್ಡಿನಲ್ಲಿ ಕಂಡಿಕೆಗೆ ರೇಷ್ಮೆ ನೂಲು ಸುತ್ತುತ್ತೇನೆ. ಬೆಳಿಗ್ಗೆ ಎಂಟಕ್ಕೆ ಕೂತರೆ ಸಂಜೆ ಏಳಕ್ಕೆ ಏಳುವುದು. ಮಗ್ಗಗಳ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಕರೆಂಟು ಹೋದಾಗ ಮಾತ್ರ ಕೇಳುತ್ತದೆ. ಆಗ ಪಕ್ಕದ ಪಾಪಕ್ಕ ಹೊಸದಾಗಿ ಸೇರಿದ ಹುಡುಗಿಯರಿಗೆ ನನ್ನನ್ನು ತೋರಿಸಿ, "ಇವ್ಳು ಮೇಷ್ಟ್ರ ಕೈಯಾಗಿನ ಪೆನ್ನು ಕಿತ್ಕಂಡೋಳು ಕಣ್ರೇ. ಹೇಳೇ, ಆ ಕತೆ ಹೇಳೇ" ಅನ್ನುತ್ತಾಳೆ. ನಾನು ಹೇಳುತ್ತೇನೆ. ಮೂರು ವರ್ಷದಿಂದ ಎದೆಯುಬ್ಬಿಸಿಕೊಂಡು ಹೇಳಿದ್ದೇನೆ. ಹೋದ ತಿಂಗಳು ಊರಿಗೆ ಹೋಗಿ ಬಂದ ಮೇಲೆ ಹಾಗೆ ಹೇಳುವುದಕ್ಕೆ ಬಾಯಿ ಬರುತ್ತಿಲ್ಲ.

ಅಪ್ಪನ ಹೆಸರು ಆವಲಪ್ಪ. ನಮ್ಮೂರ ಕೆರೆಯ ನೀರುಗಂಟಿ. ಅವರಪ್ಪನೂ ಅದೇ, ತಾತನೂ ಅದೇ. ತೂಬು ಎತ್ತುವವನು, ಮುಚ್ಚುವವನು, ಯಾವ ಗದ್ದೆಗೆ ಯಾವತ್ತು ಎಷ್ಟು ಹೊತ್ತು ನೀರು ಅಂತ ಗೊತ್ತು ಮಾಡುವವನು ನೀರುಗಂಟಿ. ಗೌಡನ ಗದ್ದೆಯೇ ಆದರೂ ಅಪ್ಪ ಹೇಳದೆ ಕಾಲುವೆಯ ಮಡೆ ಒಡೆಯುವ ಹಾಗಿರಲಿಲ್ಲ. ಕೆರೆ ತುಂಬಿದಾಗ ಅಪ್ಪ ಕತ್ತುಮಟ್ಟ ನೀರಿಗೆ ಇಳಿಯುತ್ತಿದ್ದ. ಉಸಿರು ಕಟ್ಟಿ ಮುಳುಗಿ, ಕೈಯಾಡಿಸಿ, ತೂಬಿನ ಬಿರಡೆ ಹುಡುಕಿ ಎತ್ತಬೇಕು. ಮೇಲೆ ಬಂದಾಗ ತುಟಿ ನೀಲಿಯಾಗಿರುತ್ತಿತ್ತು. ಸದಾ ನೀರಿನಲ್ಲಿ ನಿಂತು ನಿಂತು ಅವನ ಕಾಲ್ಬೆರಳ ಸಂದಿಯೆಲ್ಲ ಹುಣ್ಣು. ಉಗುರು ಕಪ್ಪಗಾಗಿ ಅರ್ಧ ಉದುರಿ ಹೋಗಿದ್ದವು. ಮೊಣಕಾಲು ಊದಿಕೊಂಡು, ಕೂತರೆ ಏಳುವುದು ಕಷ್ಟ, ಎದ್ದರೆ ಕೂರುವುದು ಕಷ್ಟ.

ಇಡೀ ಊರಿನ ಅನ್ನ ಅವನ ಕೈಮೇಲೆ ಹಾದು ಹೋಗುತ್ತಿತ್ತು. ಅದೇ ಊರಿನಲ್ಲಿ ಅವನಿಗೆ ಬಾಯಾರಿದರೆ ಗೌಡರ ಹಿತ್ತಲಿಗೆ ಹೋಗಿ ಬೊಗಸೆ ಒಡ್ಡಿ ಬಗ್ಗಿ ನಿಲ್ಲಬೇಕು. ಮೇಲಿನಿಂದ ಸುರಿಯುತ್ತಾರೆ. ಕೆರೆಯ ನೀರಿನಲ್ಲಿ ಮೈಯೆಲ್ಲ ಅದ್ದಿಕೊಳ್ಳಬಹುದು. ಕೊಡದ ನೀರನ್ನು ಮುಟ್ಟಬಾರದು. ಇದು ಯಾವ ನ್ಯಾಯ ಅಂತ ಯೋಚಿಸಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕೇರಿಯಿಂದ ಹೈಸ್ಕೂಲಿನ ಒಂಬತ್ತನೇ ಕ್ಲಾಸಿನವರೆಗೆ ಬಂದವಳು ನಾನೊಬ್ಬಳೇ. ನನ್ನ ಜೊತೆ ಎಂಟನೆಯದಕ್ಕೆ ಸೇರಿದ ಇಬ್ಬರು ಹುಡುಗರು ದನ ಕಾಯಲು ಹೋದರು. ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರುತ್ತಿದ್ದೆ. ಅಲ್ಲೇ ಕೂರು ಅಂತ ಯಾರೂ ಹೇಳಿರಲಿಲ್ಲ. ನಾನು ಬಂದು ಕೂತರೆ ಪಕ್ಕದವರು ಎದ್ದು ಹೋಗುತ್ತಿದ್ದರು, ಹಾಗಾಗಿ ಆ ಬೆಂಚು ನನ್ನದಾಯಿತು. ಅಪ್ಪನಿಗೆ ಒಂದೇ ಆಸೆ ಇತ್ತು. ಮಗಳು ಎಸ್ಸೆಸ್ಸೆಲ್ಸಿ ಪಾಸಾಗಬೇಕು, ಟೀಚರ್ ಟ್ರೈನಿಂಗಿಗೆ ಹೋಗಬೇಕು. ಬೇರೆ ಏನನ್ನೂ ಅವನು ಯಾವತ್ತೂ ಯಾರ ಹತ್ತಿರವೂ ಕೇಳಿದವನಲ್ಲ.

ಎಪ್ಪತ್ತಾರನೇ ಇಸವಿ. ದಸರಾ ರಜ ಮುಗಿದು ಸ್ಕೂಲು ತೆರೆದ ದಿನ ಹೆಡ್ಮಾಸ್ತರು ವೆಂಕಟರಾಮಪ್ಪನವರು ಪ್ರಾರ್ಥನೆಯಲ್ಲಿ ಒಂದು ಕಾಗದ ಓದಿದರು. ಪರಿಸರ ಅಧ್ಯಯನ ಅಂತ ಹೊಸ ವಿಷಯ. ಎಲ್ಲ ಸ್ಕೂಲಿಗೂ ಇಲ್ಲ, ಪರೀಕ್ಷೆ ಮಾಡಿ ನೋಡುವುದಕ್ಕೆ ಅಲ್ಲೊಂದು ಇಲ್ಲೊಂದು ಸ್ಕೂಲಿಗೆ ಕೊಟ್ಟಿದ್ದಾರೆ, ತಾಲ್ಲೂಕಿನಲ್ಲಿ ನಮಗೆ ಸಿಕ್ಕಿದೆ ಅಂತ ಹೇಳಿ ಚಪ್ಪಾಳೆ ಹೊಡೆಸಿದರು. ಅದನ್ನು ಕಲಿಸುವುದಕ್ಕೆ ಅನುಸೂಯಮ್ಮ ಟೀಚರು ಬೆಂಗಳೂರಿನಲ್ಲಿ ಹತ್ತು ದಿನ ತರಬೇತಿ ತೆಗೆದುಕೊಂಡು ಬಂದಿದ್ದರು. ಚಿಕ್ಕ ವಯಸ್ಸು. ದೊಡ್ಡಬಳ್ಳಾಪುರದಿಂದ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದರು.

ಮೊದಲ ಪಾಠದ ದಿನ ಅವರು ಬರಿಗೈಯಲ್ಲಿ ಬಂದರು. "ಪುಸ್ತಕ ಇನ್ನೂ ಪ್ರಿಂಟಾಗಿಲ್ಲ. ಆಗೋವರೆಗೂ ನಿಮ್ಮೂರೇ ಪುಸ್ತಕ" ಅಂದರು. ಆಮೇಲೆ ಒಂದೊಂದೇ ಕೇಳುತ್ತಾ ಹೋದರು. ಊರಿಗೆ ಎಷ್ಟು ಕೆರೆ, ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಕೋಡಿ ಬಿದ್ದರೆ ಆ ನೀರು ಎಲ್ಲಿಗೆ ಹೋಗುತ್ತದೆ. ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

"ಕೆರೆ ವಿಷಯ ಚೆನ್ನಾಗಿ ಗೊತ್ತಿರೋರು ಯಾರು ಈ ಊರಲ್ಲಿ?"

ಮುಂದಿನ ಬೆಂಚಿನ ಲಕ್ಷ್ಮೀದೇವಮ್ಮ ಎದ್ದಳು. ಅವಳು ಅಪ್ಪಯ್ಯಣ್ಣ ಗೌಡರ ಮೊಮ್ಮಗಳು, ನಮ್ಮ ಕ್ಲಾಸಿನ ಲೀಡರು. ಅಪ್ಪಯ್ಯಣ್ಣ ಅಂದರೆ ಪಂಚಾಯಿತಿ ಚೇರ್ಮನ್ನು, ಸ್ಕೂಲ್ ಕಮಿಟಿ ಅಧ್ಯಕ್ಷ, ಕೆರೆ ಕೆಳಗೆ ಎಂಟು ಎಕರೆ ಗದ್ದೆ ಇರುವವನು. ಲಕ್ಷ್ಮೀದೇವಮ್ಮ ಹಿಂದೆ ತಿರುಗಿ ನನ್ನನ್ನು ತೋರಿಸಿದಳು. "ಇವ್ಳ ಅಪ್ಪಂಗೆ ಗೊತ್ತು ಮಿಸ್. ಕಣ್ ಮುಚ್ಕೊಂಡು ಹೇಳ್ತಾನೆ."

ಇಡೀ ಕ್ಲಾಸು ತಿರುಗಿ ನನ್ನನ್ನು ನೋಡಿತು. ನಗುವುದಕ್ಕಲ್ಲದೆ ಅವರು ನನ್ನ ಕಡೆ ತಿರುಗಿದ್ದು ಅದೇ ಮೊದಲು. ನನಗೆ ಖುಷಿಯಾಯಿತು. ಹದಿನಾಲ್ಕು ವರ್ಷದ ಹುಡುಗಿಗೆ ಖುಷಿಯಾಗದೆ ಇನ್ನೇನು.

ಮಾರನೆಯ ದಿನ ಟೀಚರು ನನ್ನ ಜೊತೆ ಕೇರಿಗೆ ಬಂದರು. ನಮ್ಮ ಮನೆ ಮುಂದಿನ ಕಲ್ಲಿನ ಮೇಲೆ ಕೂತರು. ಅಮ್ಮನ ಹೆಸರು ದ್ಯಾವಮ್ಮ. ಅವಳು ಗಾಬರಿಯಾಗಿ ಬಾಗಿಲ ಹಿಂದೆ ನಿಂತಿದ್ದಳು. "ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?" ಅಂತ ಟೀಚರೇ ಕೇಳಿದರು. ಅಮ್ಮ ಚೊಂಬು ತಂದು ಕೈಗೆ ಕೊಡದೆ ನೆಲದ ಮೇಲಿಟ್ಟಳು. ಟೀಚರು ಎತ್ತಿಕೊಂಡು ಕಚ್ಚಿ ಕುಡಿದರು. ಅವರ ಬಗ್ಗೆ ಕೆಟ್ಟದ್ದು ಹೇಳುವಾಗೆಲ್ಲ ನನಗೆ ಆ ಚೊಂಬಿನ ನೆನಪಾಗಿ ಮಾತು ಅರ್ಧಕ್ಕೆ ನಿಲ್ಲುತ್ತದೆ.

ಅಪ್ಪ ಹೆಗಲ ಮೇಲಿನ ಟವಲು ತೆಗೆದು ಕಂಕುಳಲ್ಲಿಟ್ಟುಕೊಂಡು ದೂರ ನಿಂತಿದ್ದ.

"ಒಂದು ದಿನ ಬಂದು ಮಕ್ಕಳಿಗೆ ಪಾಠ ಮಾಡ್ಬೇಕು ನೀವು" ಅಂದರು ಟೀಚರು.

"ನಾನಾ? ಇಸ್ಕೂಲ್ಗಾ?" ಅಪ್ಪ ನಕ್ಕುಬಿಟ್ಟ. "ನಂಗೆ ನನ್ ಹೆಸ್ರು ಬರಿಯಾಕೆ ಬರಕಿಲ್ಲ ಅಮ್ಮಾವ್ರೆ."

"ಬರೆಯೋದು ಬೇಡ. ಮಾತಾಡಿ ಸಾಕು. ನಿಮಗೆ ಗೊತ್ತಿರೋದು ನನಗೂ ಗೊತ್ತಿಲ್ಲ, ತರಬೇತಿ ಕೊಟ್ಟೋರಿಗೂ ಗೊತ್ತಿರಲಿಲ್ಲ."

"ಗೌಡ್ರು ಏನಂತಾರೋ."

"ಹೆಡ್ಮಾಸ್ಟ್ರು ಒಪ್ಪಿದ್ದಾರೆ. ಊರಲ್ಲಿ ತಿಳಿದೋರನ್ನ ಕರೆಸಿ ಅಂತ ಆರ್ಡರೇ ಇದೆ."

ಅಪ್ಪ ಒಪ್ಪಲಿಲ್ಲ. ಟೀಚರು ಹೋದರು. ಆಮೇಲೆ ಮೂರು ದಿನ ಅವನನ್ನು ಕಾಡಿದವಳು ನಾನು. ಊಟ ಬಿಟ್ಟೆ, ಮಾತು ಬಿಟ್ಟೆ. "ಒಂದೇ ಒಂದ್ ದಿನ ಬಾಪ್ಪ. ಎಲ್ಲ ನನ್ನ ನೋಡ್ತಾರೆ, ಇವ್ಳ ಅಪ್ಪ ಅಂತಾರೆ" ಅಂದೆ. ಅಪ್ಪ ಹೂಂ ಅಂದ. ಅವನ ಬಿಳಿ ಅಂಗಿಯನ್ನು ಚೌಳು ಮಣ್ಣು ಹಾಕಿ ನಾನೇ ಒಗೆದೆ. ಈ ಪಾಪ ಯಾರ ತಲೆಗೆ ಕಟ್ಟಲಿ?

ಶುಕ್ರವಾರ ಮಧ್ಯಾಹ್ನ ಅಪ್ಪ ಬಂದ. ಬಾಗಿಲ ಹೊರಗೆ ನಿಂತ. "ಒಳಗೆ ಬನ್ನಿ" ಅಂದರು ಟೀಚರು. ಒಂದು ಹೆಜ್ಜೆ ಒಳಗಿಟ್ಟ. ಲಕ್ಷ್ಮೀದೇವಮ್ಮ ಲೀಡರಲ್ಲವೇ, ಅಭ್ಯಾಸಬಲ, "ಸ್ಟ್ಯಾಂಡ್" ಅಂದುಬಿಟ್ಟಳು. ಇನ್ಸ್‌ಪೆಕ್ಟರು ಬಂದರೂ ಡಾಕ್ಟರು ಬಂದರೂ ಅವಳು ಹಾಗೇ ಅನ್ನುತ್ತಿದ್ದದ್ದು. ಬೆಂಚುಗಳು ಸದ್ದು ಮಾಡಿದವು. ನಲವತ್ತೆರಡು ಜನ ಎದ್ದು ನಿಂತೆವು. "ನಮಸ್ತೆ ಸಾರ್."

ಅಪ್ಪ ಹಿಂದೆ ತಿರುಗಿ ನೋಡಿದ. ಯಾರೋ ದೊಡ್ಡವರು ತನ್ನ ಬೆನ್ನ ಹಿಂದೆ ಬಂದಿದ್ದಾರೆ ಅಂದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹಿಂದೆ ಯಾರೂ ಇರಲಿಲ್ಲ. ಆಗ ಅವನಿಗೆ ತಿಳಿಯಿತು. ಅವನ ಮುಖ ನಾನು ಅವತ್ತು ನೋಡಿದ ಹಾಗೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಕುರ್ಚಿಯಲ್ಲಿ ಕೂರಲಿಲ್ಲ. ಗೋಡೆಗೆ ಆತು ನಿಂತು ಮಾತಾಡಿದ. ಮೊದಲು ಮಾತು ತಡವರಿಸಿತು. ಆಮೇಲೆ ಕೆರೆ ನೆನಪಾಗಿ ಬಾಯಿ ಬಂತು. ತೂಬಿನ ಕಂಬದಲ್ಲಿ ಮೂರು ಗೆರೆ ಇವೆ, ಮೇಲಿನ ಗೆರೆಗೆ ನೀರಿದ್ದರೆ ಎರಡು ಬೆಳೆ, ನಡುವಿನ ಗೆರೆಗಿದ್ದರೆ ಒಂದೇ ಬೆಳೆ, ಕೆಳಗಿನ ಗೆರೆಗಿದ್ದರೆ ದನಕ್ಕೆ ಮಾತ್ರ, ಗದ್ದೆಗೆ ಒಂದು ತೊಟ್ಟೂ ಬಿಡಬಾರದು ಅಂದ. ಏರಿಯ ಆಚೆ ಬದಿ ಒಸರುವ ನೀರು ತಿಳಿಯಾಗಿದ್ದರೆ ಹೆದರಬೇಡಿ, ಅದು ಏರಿ ಬೆವರುವುದು ಅಂದ. ಕೆಂಪಗೆ ಮಣ್ಣು ಕಲಸಿಕೊಂಡು ಬಂದರೆ ಒಳಗೆ ಏಡಿ ಬಿಲ ತೋಡಿದೆ, ಊಟ ಬಿಟ್ಟು ಓಡಿ ಬಂದು ಹೇಳಿ ಅಂದ. ನೀರು ಕಮ್ಮಿಯಾದ ವರ್ಷ ಮೊದಲು ಬಿಡಬೇಕಾದ್ದು ಕಟ್ಟಕಡೆಯ ಗದ್ದೆಗೆ ಅಂದ.

ಲಕ್ಷ್ಮೀದೇವಮ್ಮ ಕೈ ಎತ್ತಿದಳು. "ಅದ್ಯಾಕೆ? ನಮ್ ಗದ್ದೆ ತೂಬಿನ ಹತ್ರಾನೇ ಇದ್ಯಲ್ಲ, ನಮಗೆ ಯಾಕೆ ಕೊನೇಲಿ ಬಿಡ್ತೀರಾ?"

ಬಿಡ್ತೀರಾ ಅಂದಳು. ಬಹುವಚನ. ಅದೂ ಅವಳ ಬಾಯಿಂದ ತಾನಾಗಿ ಬಂತು.

"ನಿಮ್ ಗದ್ದೆ ಮುಂದೇನೇ ಕಾಲ್ವೆ ಹೋಗ್ತದೆ ಕಣವ್ವ" ಅಂದ ಅಪ್ಪ. "ಬಿಡ್ದಿದ್ರೂ ಬಸ್ಕೊಂಡು ಕುಡೀತದೆ. ಕಡೇ ಗದ್ದೇನೋನಿಗೆ ನಾನ್ ಬಿಟ್ರೇನೇ ನೀರು."

ಮಕ್ಕಳು ನಕ್ಕರು. ಲಕ್ಷ್ಮೀದೇವಮ್ಮನೂ ನಕ್ಕಳು. ನಾನು ಎಲ್ಲವನ್ನೂ ನೋಟ್ಸಿನಲ್ಲಿ ಬರೆದುಕೊಂಡೆ. ಅವತ್ತು ಸಂಜೆ ಅಪ್ಪ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದ. "ಎಲ್ರೂ ಎದ್ ನಿಂತ್ಕಂಡ್ರಲ್ಲವ್ವ. ನಂಗೆ."

ಲಕ್ಷ್ಮೀದೇವಮ್ಮ ಮನೆಗೆ ಹೋಗಿ ಊಟಕ್ಕೆ ಕೂತು ಖುಷಿಯಿಂದಲೇ ಹೇಳಿದ್ದಾಳೆ. ಚಾಡಿ ಹೇಳಿದ್ದಲ್ಲ. ಇವತ್ತು ಆವಲಪ್ಪ ಪಾಠ ಮಾಡಿದ, ನಾವೆಲ್ಲ ಎದ್ದು ನಮಸ್ತೆ ಸಾರ್ ಅಂದ್ವಿ ಅಂತ. ಅಷ್ಟು ಸಾಕಾಯಿತು.

ಶನಿವಾರ ಬೆಳಿಗ್ಗೆ ಗೌಡರ ಮನೆಯಿಂದ ಅಪ್ಪನಿಗೆ ಹೇಳಿಕೆ ಬಂತು. ಅಪ್ಪನ ಹಿಂದೆ ನಾನೂ ಹೋದೆ. ಅಪ್ಪಯ್ಯಣ್ಣ ಜಗುಲಿ ಮೇಲೆ ಕೂತಿದ್ದ. ಹೆಡ್ಮಾಸ್ತರು ವೆಂಕಟರಾಮಪ್ಪನವರು ಕಂಬದ ಹತ್ತಿರ ನಿಂತಿದ್ದರು. ಅವರಿಗೂ ಕೂರು ಅಂತ ಹೇಳಿರಲಿಲ್ಲ.

"ಏನ್ಲಾ ಆವಲಪ್ಪ, ಮೇಷ್ಟ್ರಾದ್ಯಂತೆ."

"ಇಲ್ಲ ಬುದ್ಧಿ. ಅಮ್ಮಾವ್ರು ಕರೆದ್ರು, ಹೋಗಿದ್ದೆ."

"ನನ್ ಮೊಮ್ಮಗ್ಳು ನಿನ್ನ ನೋಡಿ ಎದ್ ನಿಂತ್ಕಂಡ್ಳಂತೆ. ನಾನು ಎದುರಿಗೆ ಬಂದ್ರೆ ನೀನು ಚಪ್ಲಿ ಕಳಚಿ ಕೈಯಾಗೆ ಹಿಡ್ಕಂತೀಯ. ನನ್ ಮೊಮ್ಮಗ್ಳು ನಿಂಗೆ ಎದ್ದು ಕೈ ಮುಗಿದ್ಳು. ಇದೇನ್ಲಾ ಇದು?"

"ಮಕ್ಳಿಗೆ ಗೊತ್ತಾಗ್ಲಿಲ್ಲ ಬುದ್ಧಿ. ತಪ್ಪಾಯ್ತು."

"ಮಕ್ಳಿಗೆ ಗೊತ್ತಾಗ್ಲಿಲ್ಲ. ನಿಂಗೆ ಗೊತ್ತಾಗ್ಬೇಕಿತ್ತು. ಕುಂತ್ಕಳ್ರವ್ವ ಅನ್ನಬೇಕಿತ್ತು. ಒಂದು ಗಂಟೆ ನಿಂತು ಭಾಷಣ ಮಾಡಿದ್ದೀಯ. ನನ್ ಗದ್ದೆ ನೀರು ಬಸ್ಕಂಡು ಕುಡೀತದೆ ಅಂದ್ಯಂತೆ." ಅಪ್ಪಯ್ಯಣ್ಣ ಕೂಗಾಡಲಿಲ್ಲ. ಅಡಿಕೆ ಕತ್ತರಿಸುತ್ತಾ ಮೆಲ್ಲಗೇ ಹೇಳಿದ. "ಎದ್ದೋರು ಎಷ್ಟು ಜನ ಮೇಷ್ಟ್ರೇ?"

"ಹಾಜರಿ ನಲವತ್ತೆರಡು ಸಾರ್" ಅಂದರು ಹೆಡ್ಮಾಸ್ತರು.

"ಸೋಮವಾರ ಅದೇ ಕ್ಲಾಸಿಗೆ ಬಂದು ಒಬ್ಬೊಬ್ರಿಗೂ ಅಡ್ಡ ಬೀಳು. ಒಬ್ರೂ ಬಿಡಂಗಿಲ್ಲ. ಮುಟ್ಟಬೇಡ, ಹಣೆ ನೆಲ ಮುಟ್ಟಿದ್ರೆ ಸಾಕು. ಬೀಳಕಿಲ್ಲ ಅಂದ್ರೆ ತೂಬಿಗೆ ಬೇರೆಯೋನ್ನ ಹಾಕ್ತೀನಿ. ನಿನ್ ಮಗಳ ಹೆಸರೂ ಇಸ್ಕೂಲಿಂದ ಹೊಡ್ಸಾಕ್ತೀನಿ."

ಅಪ್ಪ ನನ್ನ ಕಡೆ ತಿರುಗಿ ನೋಡಿದ. "ನಾನು ಬಿದ್ರೆ?" ಅಂದ.

"ಬಿದ್ರೆ ಅವ್ಳು ಓದ್ಕಳ್ಳಿ. ನಂಗೇನು."

"ಎಸ್ಸೆಸ್ಸೆಲ್ಸಿ ಗಂಟ?"

"ಗಂಟ."

ಅಪ್ಪ ಕೇಳಿದ್ದು ಅದೊಂದೇ. ತೂಬಿನ ವಿಷಯ ಕೇಳಲಿಲ್ಲ. ತನ್ನ ವಿಷಯ ಕೇಳಲಿಲ್ಲ.

ಮನೆಗೆ ಬಂದು ನಾನು ಅತ್ತೆ. ಹೋಗಬೇಡ ಅಂದೆ, ಪೊಲೀಸರಿಗೆ ಹೇಳೋಣ ಅಂದೆ. ಅಮ್ಮ ಹಿಟ್ಟು ಜರಡಿ ಹಿಡಿಯುತ್ತಾ, "ಪೋಲೀಸ್ನೋರು ಬಂದ್ರೆ ಎಲ್ಲಿ ಕುಂತ್ಕಂತಾರೆ? ಅದೇ ಜಗುಲಿ ಮ್ಯಾಲೇ" ಅಂದಳು.

ಅಪ್ಪ ನನ್ನನ್ನು ಹತ್ತಿರ ಕೂರಿಸಿಕೊಂಡ. "ನಾನು ದಿನಾ ಬಗ್ಗಲ್ವಾ? ತೂಬಿಗೆ ಬಗ್ತೀನಿ, ಕಾಲ್ವೆಗೆ ಬಗ್ತೀನಿ. ಇದೂ ಒಂದ್ ಹೊತ್ತಿನ ಕೆಲ್ಸ ಅಂದ್ಕಂಡ್ರಾಯ್ತು. ನೀನು ಪುಸ್ತಕ ತಗ್ದು ಅದ್ರಾಗೆ ಮೊಕ ಇಟ್ಕಂಡು ಕುಂತಿರು. ಏನಾದ್ರೂ ಏಳ್ಬೇಡ. ಬಾಯ್ ಬಿಡ್ಬೇಡ. ನನ್ ಮ್ಯಾಲೆ ಆಣೆ." ನನ್ನ ಕೈ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡ. ಆಣೆ ಮಾಡಿದೆ.

ಸೋಮವಾರ ಸ್ಕೂಲಿನ ವರಾಂಡದಲ್ಲಿ ಟೀಚರು ಹೆಡ್ಮಾಸ್ತರ ಹತ್ತಿರ ಮಾತಾಡುತ್ತಿದ್ದದ್ದು ನನಗೆ ಕೇಳಿಸಿತು. "ಇದು ಕಾನೂನಿಗೆ ವಿರುದ್ಧ ಸಾರ್. ಜೈಲಿಗೆ ಹಾಕ್ತಾರೆ."

"ನೀವು ಬಸ್ಸಿಗೆ ಬಂದು ಬಸ್ಸಿಗೆ ಹೋಗೋರು ತಾಯಿ. ನಾನು ಈ ಊರಲ್ಲಿ ಮನೆ ಮಾಡ್ಕೊಂಡು ಇರೋನು. ಜೈಲಿಗೆ ಹಾಕೋರು ಯಾರು, ಬರೋಕೆ ಹೇಳಿ ಅವರಿಗೆ."

ಟೀಚರು ಒಳಗೆ ಬಂದರು. ಬೋರ್ಡಿನ ಕಡೆ ಮುಖ ಮಾಡಿ ನಿಂತರು. ಅದರ ಮೇಲೆ ಏನೂ ಬರೆದಿರಲಿಲ್ಲ. ಮುಗಿಯುವವರೆಗೂ ಅವರು ತಿರುಗಲಿಲ್ಲ.

ಅಪ್ಪಯ್ಯಣ್ಣ ಟೀಚರ ಕುರ್ಚಿಯಲ್ಲಿ ಕೂತ. ಹೆಡ್ಮಾಸ್ತರು ಹಾಜರಿ ಪುಸ್ತಕ ತೆರೆದರು. ಯಾರೂ ಬಿಟ್ಟುಹೋಗಬಾರದಲ್ಲ, ಅದಕ್ಕೆ. ಒಂದೊಂದೇ ಹೆಸರು ಕೂಗುತ್ತಾರೆ. ಆ ಹುಡುಗ ಬೆಂಚಿನಿಂದ ಈಚೆಗೆ ಬಂದು ನಿಲ್ಲಬೇಕು. ಅಪ್ಪ ಅವನ ಮುಂದೆ ಬೀಳಬೇಕು. ಹೆಸರಿನ ಮುಂದೆ ಮೇಷ್ಟ್ರು ಚುಕ್ಕೆ ಇಡುತ್ತಾರೆ. ಆಮೇಲೆ ಮುಂದಿನ ಹೆಸರು.

ನಾನು ಪುಸ್ತಕ ತೆಗೆದು ಮುಖ ಅದರೊಳಗೆ ಇಟ್ಟುಕೊಂಡೆ. ಕಣ್ಣು ಮುಚ್ಚಬಹುದು. ಕಿವಿ ಮುಚ್ಚಲಾಗುವುದಿಲ್ಲ. ಅಪ್ಪನ ಮೊಣಕಾಲು ಸಿಮೆಂಟಿಗೆ ಬಡಿಯುವ ಸದ್ದು. ಅಂಗೈ ಊರುವ ಸದ್ದು. ಆಮೇಲೆ ಏಳುವಾಗ ಅವನ ಬಾಯಿಂದ ಬರುವ ಉಸಿರು. ಮೊದಲ ಹತ್ತು ಬೇಗ ಆದವು. ಹದಿನೈದಾದ ಮೇಲೆ ಏಳುವುದಕ್ಕೆ ಹೊತ್ತಾಯಿತು. ಇಪ್ಪತ್ತರ ಮೇಲೆ ಬೆಂಚಿನ ಕಾಲು ಹಿಡಿದು ಎದ್ದ. "ಬೆಂಚು ಮುಟ್ಟಬೇಡ" ಅಂದ ಅಪ್ಪಯ್ಯಣ್ಣ. ಕೈ ಬಿಟ್ಟ.

ಕೆಲವು ಹುಡುಗರು ಮೊದಲು ನಕ್ಕರು. ಆಮೇಲೆ ನಗಲಿಲ್ಲ. ಕುಂಬಾರರ ಹುಡುಗನೊಬ್ಬ ಹೆಸರು ಕೂಗಿದಾಗ ಎದ್ದು ಬರದೆ, "ನಂಗೆ ಬೇಡ ಸಾರ್" ಅಂದ. ಹೆಡ್ಮಾಸ್ತರು ಅವನ ಕಿವಿ ಹಿಡಿದು ಎಳೆದು ತಂದು ನಿಲ್ಲಿಸಿದರು. ಅವನು ಅಳುತ್ತಾ ನಿಂತ. ಅಪ್ಪ ಬಿದ್ದ.

ಹುಡುಗರು ಮುಗಿದು ಹುಡುಗಿಯರ ಹೆಸರು ಬಂತು. ಲಕ್ಷ್ಮೀದೇವಮ್ಮ ಎದ್ದು ನಿಂತಳು. "ತಾತ, ನಾನೇ ಸ್ಟ್ಯಾಂಡ್ ಅಂದಿದ್ದು" ಅಂದಳು. "ಬಾಯ್ಮುಚ್ಚು" ಅಂದ ತಾತ. ನಮ್ಮಪ್ಪ ಅವಳ ಮುಂದೆ ಮೊಣಕಾಲೂರಿ, ಅಂಗೈ ಊರಿ, ಹಣೆ ನೆಲಕ್ಕಿಟ್ಟ. ಅವನು ಎದ್ದಾಗ ಸಿಮೆಂಟಿನ ಮೇಲೆ ಬೆವರಿನ ಗುರುತು ಇತ್ತು. ನಾನು ಪುಸ್ತಕದಿಂದ ಮುಖ ಎತ್ತಿದ್ದೆ. ಯಾವಾಗ ಎತ್ತಿದೆನೋ ಗೊತ್ತಿಲ್ಲ.

ಹಾಜರಿ ಪುಸ್ತಕದಲ್ಲಿ ಕೇರಿಯವರ ಹೆಸರು ಎಲ್ಲರದೂ ಮುಗಿದ ಮೇಲೆ ಬರೆಯುವುದು. ನಲವತ್ತೊಂದು ಮುಗಿಯಿತು. ಹೆಡ್ಮಾಸ್ತರು ಪುಸ್ತಕ ನೋಡಿ ನಿಂತರು. ಅಪ್ಪಯ್ಯಣ್ಣನ ಮುಖ ನೋಡಿದರು. "ಇನ್ನೊಂದು ಇವನ ಮಗಳದೇ ಸಾರ್. ಬಿಡೋಣವಾ?"

ಅಪ್ಪಯ್ಯಣ್ಣ ನನ್ನನ್ನು ನೋಡಿದ. "ಅವ್ಳೂ ಎದ್ದಿದ್ಳು ತಾನೇ? ಒಬ್ರೂ ಬಿಡಂಗಿಲ್ಲ ಅಂತ ಹೇಳಿದ್ದೀನಿ. ಕೂಗಿ."

"ಎ. ಅಕ್ಕಯಮ್ಮ."

ನಾನು ಏಳಲಿಲ್ಲ. ಅಪ್ಪನೇ ನನ್ನ ಬೆಂಚಿನ ಹತ್ತಿರ ಬಂದ. ಹಣೆಯ ಮೇಲೆ ಸಿಮೆಂಟಿನ ಧೂಳು, ಮೂಗಿನ ತುದಿಯಿಂದ ಬೆವರು ಇಳಿಯುತ್ತಿತ್ತು. ಒಂದು ಮೊಣಕಾಲಿನ ಹತ್ತಿರ ಪಂಚೆ ಕೆಂಪಾಗಿತ್ತು. ನನ್ನ ಕಣ್ಣು ನೋಡಿ ತಲೆ ಅಲ್ಲಾಡಿಸಿದ, ಏಳಬೇಡ ಅಂತ. ಆಮೇಲೆ ಬಗ್ಗಿದ.

ಆಣೆ ನೆನಪಿತ್ತು. ಸುಳ್ಳು ಹೇಳುವುದಿಲ್ಲ, ನೆನಪಿತ್ತು. ಆದರೂ ಎದ್ದೆ. ಅವನ ಮೊಣಕಾಲು ನೆಲ ಮುಟ್ಟುವ ಮುಂಚೆ ಅವನ ಎರಡೂ ಕಂಕುಳಿಗೆ ಕೈ ಹಾಕಿ ಹಿಡಿದೆ. ಅವನ ಭಾರವೆಲ್ಲ ನನ್ನ ಮೇಲೆ ಬಿತ್ತು.

"ಸಾಕು" ಅಂದೆ. "ನಮ್ಮಪ್ಪ ನಂಗೆ ಬೀಳಲ್ಲ."

"ಬಿಡವ್ವ. ಬಿಡು" ಅಂದ ಅಪ್ಪ.

"ಬೀಳ್ದಿದ್ರೆ ಹೆಸರು ಹೋಗ್ತದೆ" ಅಂದ ಅಪ್ಪಯ್ಯಣ್ಣ.

ಅಪ್ಪನನ್ನು ಗೋಡೆಗೆ ಆನಿಸಿ ನಿಲ್ಲಿಸಿ ನಾನು ಮೇಜಿನ ಹತ್ತಿರ ಹೋದೆ. ಹೆಡ್ಮಾಸ್ತರ ಕೈಯಲ್ಲಿದ್ದ ಪೆನ್ನು ಕಿತ್ತುಕೊಂಡೆ. ಹಾಜರಿ ಪುಸ್ತಕದಲ್ಲಿ ಕಟ್ಟಕಡೆಗೆ ನನ್ನ ಹೆಸರಿತ್ತು. ಅದರ ಮೇಲೆ ಗೆರೆ ಎಳೆದೆ. ಒತ್ತಿ ಎಳೆದದ್ದಕ್ಕೆ ಹಾಳೆ ಹರಿಯಿತು. "ನೀವೇನು ಹೊಡೆದು ಹಾಕೋದು. ನಾನೇ ಹೊಡ್ಕಂಡೆ" ಅಂದೆ. ಪೆನ್ನು ಅಲ್ಲೇ ಎಸೆದು ಅಪ್ಪನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದೆ.

ಪಾಪಕ್ಕನಿಗೆ ನಾನು ಹೇಳುವ ಕತೆ ಇಲ್ಲಿಗೆ ಮುಗಿಯುತ್ತದೆ. ಹುಡುಗಿಯರು ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಕರೆಂಟು ಬರುತ್ತದೆ. ಎಲ್ಲರೂ ಕೆಲಸಕ್ಕೆ ಹತ್ತುತ್ತೇವೆ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಅದೇ ವಾರ ತೂಬಿಗೆ ಬೇರೆಯವನು ಬಂದ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಯಾರೂ ಅಪ್ಪನಿಗೆ ನೀರುಗಂಟಿಯ ಪಾಲಿನ ಕಾಳು ಅಳೆಯಲಿಲ್ಲ. ಅಪ್ಪ ಕಲ್ಲು ಒಡೆಯಲು ಹೋದ. ನೀರಿನಲ್ಲಿ ಮೆತ್ತಗಾದ ಅಂಗಾಲು ಕಲ್ಲಿನ ಚೂರಿನ ಮೇಲೆ ನಿಲ್ಲುತ್ತಿರಲಿಲ್ಲ. ಪರಿಸರ ಅಧ್ಯಯನ ಮಾತ್ರ ನಿಲ್ಲಲಿಲ್ಲ. ಇನ್ಸ್‌ಪೆಕ್ಟರು ಬಂದಾಗ ಗೋಡೆಗೆ ದೊಡ್ಡ ಚಾರ್ಟು ಹಾಕಿದ್ದರಂತೆ, ನಮ್ಮ ಕೆರೆ ಅಂತ. ತೂಬಿನ ಕಂಬ, ಮೂರು ಗೆರೆ, ಏಡಿಯ ಬಿಲ, ಎಲ್ಲ ನಾನು ಬರೆದಿಟ್ಟ ನೋಟ್ಸಿನಿಂದಲೇ. ಬೆಂಚಿನ ಮೇಲೆ ಬಿಟ್ಟು ಬಂದಿದ್ದೆನಲ್ಲ. ಇನ್ಸ್‌ಪೆಕ್ಟರು ಬಹಳ ಮೆಚ್ಚಿದರಂತೆ. ಅದರ ಮೇಲೆ ಯಾರ ಹೆಸರೂ ಇರಲಿಲ್ಲ ಅಂತ ಕುಂಬಾರರ ಹುಡುಗ ಹೇಳಿದ.

ಅನುಸೂಯಮ್ಮ ಟೀಚರು ಬೆಂಗಳೂರಿಗೆ ವರ್ಗ ಮಾಡಿಸಿಕೊಂಡರು. ಹೋಗುವ ಮುಂಚೆ ಒಂದು ಸಲ ಕೇರಿಗೆ ಬಂದಿದ್ದರು. ಅದೇ ಕಲ್ಲಿನ ಮೇಲೆ ಕೂತು ಅತ್ತರು. ಅಮ್ಮ ಒಳಗಿನಿಂದ ಈಚೆಗೆ ಬರಲಿಲ್ಲ. ನೀರೂ ಕೊಡಲಿಲ್ಲ. ಲಕ್ಷ್ಮೀದೇವಮ್ಮ ಈಗ ಬೆಂಗಳೂರಿನಲ್ಲಿ ಪಿಯುಸಿ ಓದುತ್ತಿದ್ದಾಳಂತೆ. ಅವಳ ಮೇಲೆ ನನಗೆ ಸಿಟ್ಟಿಲ್ಲ ಅಂತ ಹೇಳಲು ಬಹಳ ಪ್ರಯತ್ನ ಪಟ್ಟಿದ್ದೇನೆ, ಆಗುವುದಿಲ್ಲ.

ಈ ಮೂರು ವರ್ಷದಲ್ಲಿ ಅಪ್ಪ ಆ ದಿನದ ಮಾತು ಎತ್ತಲಿಲ್ಲ. ಬೈಯಲಿಲ್ಲ. ಆಣೆ ಮುರಿದೆ ಅನ್ನಲಿಲ್ಲ. ನನ್ನನ್ನು ಮಗ್ಗದ ಕೆಲಸಕ್ಕೆ ಬಿಡುವಾಗಲೂ ಬಸ್ಸಿನವರೆಗೆ ಬಂದು, ಬುತ್ತಿ ಕೈಗೆ ಕೊಟ್ಟು, ಸುಮ್ಮನೆ ನಿಂತಿದ್ದ. ಅಪ್ಪನಿಗೂ ಒಳಗೊಳಗೆ ನನ್ನ ಬಗ್ಗೆ ಹೆಮ್ಮೆ ಇದೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ ಅಂದುಕೊಂಡಿದ್ದೆ.

ಹೋದ ತಿಂಗಳು ಊರಿಗೆ ಹೋದಾಗ ಸಂಜೆ ಬಾಗಿಲಲ್ಲಿ ಕೂತಿದ್ದೆವು. ಅಪ್ಪ ನನ್ನ ಕೈ ತೆಗೆದುಕೊಂಡು ನೋಡಿದ. ರೇಷ್ಮೆ ನೂಲು ಸಣ್ಣದು, ದಿನವಿಡೀ ಒಂದೇ ಜಾಗದಲ್ಲಿ ಎಳೆದರೆ ಬೆರಳು ಕೊಯ್ಯುತ್ತದೆ. ತೋರುಬೆರಳಿನಲ್ಲಿ ಆಳವಾಗಿ ಗೆರೆ ಬಿದ್ದು ಕೀವು ಕಟ್ಟಿತ್ತು. ಅಮ್ಮನಿಂದ ಹರಳೆಣ್ಣೆ ತರಿಸಿ ಹಚ್ಚಿದ. ಹಚ್ಚುತ್ತಾ ಹಚ್ಚುತ್ತಾ ಅವನ ಕೈ ನಿಂತಿತು.

"ಇನ್ನೊಂದೇ ಇತ್ತಲ್ಲವ್ವ" ಅಂದ.

ನನಗೆ ಅರ್ಥವಾಗಲಿಲ್ಲ. "ಏನಪ್ಪ?"

"ನಲ್ವತ್ತೊಂದು ಬಿದ್ದಿದ್ದೆ. ಇನ್ನೊಂದೇ ಉಳ್ದಿದ್ದು. ಅದೊಂದು ಮುಗ್ದಿದ್ರೆ ನೀನು ಓದ್ಕಂತಿದ್ದೆ. ಇಷ್ಟೊತ್ಗೆ ಟ್ರೈನಿಂಗ್ನಾಗೆ ಇರ್ತಿದ್ದೆ."

"ಅದು ನಾನು ಕಣಪ್ಪ. ನೀನು ನಂಗೆ ಬೀಳೋದಾ?"

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

"ಆ ನಲ್ವತ್ತೊಂದು ಕಷ್ಟ ಆಗಿತ್ತು ಕಣವ್ವ. ಒಬ್ಬೊಬ್ರ ಮುಂದೂ ಸತ್ತು ಸತ್ತು ಎದ್ದೆ. ಎಲ್ಲಾ ಮುಗ್ಸಿ ನಿನ್ನತ್ರ ಬಂದಾಗ ಅಪ್ಪಾ ಅನ್ನಿಸ್ತು, ಸದ್ಯ ಇದು ನನ್ ಮಗಾ ಅಂತ. ನಿನ್ ಮುಂದೆ ಬಗ್ಗಾಕೆ ನಂಗೇನು ನಾಚ್ಕೆ? ಎಳೇ ಮಗ ಆಗಿದ್ದಾಗಿಂದ ಬಗ್ಗಿ ಬಗ್ಗಿ ಎತ್ಕಂಡಿರೋನು ನಾನು. ಎಲ್ಲಾದ್ರಾಗೆ ಕಷ್ಟ ಇಲ್ದೇ ಇದ್ದಿದ್ದು ಅದೊಂದೇ."

ಅಮ್ಮ ಒಳಗೆ ಪಾತ್ರೆ ಎತ್ತಿಡುತ್ತಿದ್ದದ್ದು ನಿಂತಿತು.

"ನಂಗೆ ತಡಿಯಾಕಾಗ್ಲಿಲ್ಲ ಕಣಪ್ಪ" ಅಂದೆ.

"ಗೊತ್ತು" ಅಂದ ಅಪ್ಪ. ಮತ್ತೆ ಬೆರಳಿಗೆ ಎಣ್ಣೆ ಹಚ್ಚತೊಡಗಿದ. "ಗೊತ್ತು ಕಣವ್ವ. ಆದ್ರೂ ಇನ್ನೊಂದೇ ಇತ್ತು."